ಟಾಲಿವರ್ ಮನೆಯ ಪಿಟೀಲು ಈಗ ರೀವಾ ಕೈಯಲ್ಲಿ

ಶನಿವಾರ, ಬೆಳಗಿನ ಐದು ಗಂಟೆ. ಸ್ಪೈಸರ್ ಕೊಳ್ಳದಲ್ಲಿ ಮಂಜು ಇನ್ನೂ ನೆಲ ಬಿಟ್ಟಿಲ್ಲ. ರೀವಾ ಟಾಲಿವರ್ ತಮ್ಮ ಹಳೆಯ ಪಿಕಪ್ ಗಾಡಿಯ ಬಾಗಿಲು ತೆರೆದು, ಅಣ್ಣ ಕಾನ್ಲಿಯ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಡುತ್ತಿದ್ದಾರೆ. ಎಪ್ಪತ್ತೊಂಬತ್ತರ ಕಾನ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಸಿಕೊಂಡು ಕೂತಿದ್ದಾರೆ. ಹೊರಟಿರುವುದು ರೇಡಿಯೊ ಕೇಂದ್ರಕ್ಕೆ, ಅಲ್ಲಿ ಅಂಗಿ ಯಾವ ಕೇಳುಗರಿಗೂ ಕಾಣುವುದಿಲ್ಲ. ಆದರೂ ಶನಿವಾರವೆಂದರೆ ಬಿಳಿ ಅಂಗಿ. ಅದು ಅಪ್ಪನ ಕಾಲದ ಪದ್ಧತಿ.

"ರಾಯ್ಸ್ ಎಲ್ಲಿ?" ಎಂದು ಕಾನ್ಲಿ ಕೇಳುತ್ತಾರೆ.

"ಅವನು ಮುಂದೆ ಹೋದ. ಅಲ್ಲೇ ಸಿಗ್ತಾನೆ," ಎನ್ನುತ್ತಾರೆ ರೀವಾ, ಬಾಗಿಲು ಹಾಕುತ್ತ.

ರಾಯ್ಸ್ ಇವರಿಬ್ಬರ ತಮ್ಮ, ಬ್ಯಾಂಜೊ ಬಾರಿಸುತ್ತಿದ್ದವನು. ತೀರಿಕೊಂಡು ಹದಿನಾರು ವರ್ಷವಾಯಿತು. ಪ್ರತಿ ಶನಿವಾರ ಇದೇ ಪ್ರಶ್ನೆ, ಇದೇ ಉತ್ತರ. "ಮೊದಮೊದಲು ನಿಜಾನೇ ಹೇಳ್ತಿದ್ದೆ. ಪ್ರತಿ ಸಲಾನೂ ಆಗಷ್ಟೇ ಸುದ್ದಿ ಬಂದಂಗೆ ಅಳೋನು. ಒಂದು ಸಾವಿಗೆ ಒಬ್ಬ ಮನುಷ್ಯ ಎಷ್ಟು ಸಲ ಅಳ್ಬೇಕು ಹೇಳಿ. ಬಿಟ್ಬಿಟ್ಟೆ," ಎನ್ನುವ ರೀವಾ ಗಾಡಿಯನ್ನು ಇಳಿಜಾರಿಗೆ ತಿರುಗಿಸುತ್ತಾರೆ.

ಒಂಬತ್ತು ಮೈಲಿ ಆಚೆ, ದನದ ಮೇವಿನ ಅಂಗಡಿಯ ಹಿಂದೆ, ಎರಡು ಕೋಣೆಯ ಇಟ್ಟಿಗೆ ಮನೆಯೇ ಈ ತಾಲೂಕಿನ ರೇಡಿಯೊ ಕೇಂದ್ರ. ಶನಿವಾರ ಆರರಿಂದ ಆರೂವರೆವರೆಗೆ ಟಾಲಿವರ್ ಕುಟುಂಬದ ವಾದ್ಯಮೇಳ. ಶುರುವಾಗಿ ಎಪ್ಪತ್ತಾರು ವರ್ಷವಾಯಿತು. ಮೊದಲು ಕಾರ್ಯಕ್ರಮದ ಪ್ರಾಯೋಜಕರು ಒಂದು ಹಿಟ್ಟಿನ ಗಿರಣಿಯವರು. ಗಿರಣಿ ಮುಚ್ಚಿದ ಮೇಲೆ ಶವಸಂಸ್ಕಾರ ಮಾಡಿಸಿಕೊಡುವ ಸಂಸ್ಥೆಯವರು ಮುಂದೆ ಬಂದರು. "ಸರಿಯಾಗೇ ಇದೆ. ನಮ್ಮ ಕೇಳುಗರೆಲ್ಲ ಒಬ್ಬೊಬ್ಬರಾಗಿ ಅವರ ಗಿರಾಕಿಗಳಾಗ್ತಿದ್ದಾರೆ," ಎಂದು ರೀವಾ ನಗದೆ ಹೇಳುತ್ತಾರೆ.

ಕೆಂಪು ದೀಪ ಹೊತ್ತುತ್ತದೆ. ಉದ್ಘೋಷಕ ಡೆಲ್ಬರ್ಟ್ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಕಾನ್ಲಿ ಟಾಲಿವರ್ ಮತ್ತು ತಂಗಿ," ಎನ್ನುತ್ತಾನೆ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತ ಕಾನ್ಲಿ ತಟ್ಟನೆ ತಲೆ ಎತ್ತುತ್ತಾರೆ. ಅವರ ಕೈಗಳು ಮಡಿಲಲ್ಲೇ ಇವೆ. ಪಿಟೀಲು ಇರುವುದು ಎಪ್ಪತ್ತೆರಡರ ರೀವಾ ಕೈಯಲ್ಲಿ. ಈ ಬೆಟ್ಟಗಳ ಹಳೆಯ ಕ್ರಮದಂತೆ ಅದನ್ನು ಗದ್ದಕ್ಕಲ್ಲ, ಎದೆಗೆ ಆನಿಸಿ, ಕಣ್ಣು ಮುಚ್ಚಿ ಕಮಾನು ಎಳೆಯುತ್ತಾರೆ.

ಹದಿನೈದು ತಿಂಗಳ ಹಿಂದೆ ಅವರಿಗೆ ಪಿಟೀಲು ಬಾರಿಸಲು ಬರುತ್ತಿರಲಿಲ್ಲ.

ವರ್ಜೀನಿಯಾದ ಈ ನೈಋತ್ಯ ಮೂಲೆಯಲ್ಲಿ ಟಾಲಿವರ್ ಮನೆತನದ ಹೆಸರು ಒಂದು ಕಾಲಕ್ಕೆ ದೊಡ್ಡದು. ಅಜ್ಜ ಐಸಮ್ ಟಾಲಿವರ್ ಕುಣಿತದ ಕೂಟಗಳಿಗೆ ಪಿಟೀಲು ಬಾರಿಸುತ್ತಿದ್ದವರು. ಅಜ್ಜಿ ಲುವೀನಾ ಬ್ಯಾಂಜೊ. ಇಬ್ಬರು ಗಂಡುಮಕ್ಕಳು ಗಿಟಾರ್. ಸಾವಿರದ ಒಂಬೈನೂರ ಇಪ್ಪತ್ತೆಂಟರ ಬೇಸಿಗೆಯಲ್ಲಿ, ದೂರದ ಪಟ್ಟಣಕ್ಕೆ ಗ್ರಾಮಫೋನ್ ತಟ್ಟೆಗೆ ಹಾಡು ಅಚ್ಚು ಹಾಕುವವರು ಬಂದಿದ್ದಾರೆಂದು ಕೇಳಿ ನಾಲ್ವರೂ ಹದಿನಾಲ್ಕು ಮೈಲಿ ನಡೆದು ರೈಲು ಹಿಡಿದರು. ಹೋಟೆಲಿನ ಕೋಣೆಯೊಂದರ ಗೋಡೆಗೆಲ್ಲ, ಸದ್ದು ಮಾರ್ದನಿಸದಂತೆ, ಕಂಬಳಿ ಹೊಡೆದಿದ್ದರಂತೆ. ಅಲ್ಲಿ ನಿಂತು ನಾಲ್ಕು ಮಟ್ಟು ನುಡಿಸಿ, ಮರುದಿನ ಹಸು ಕರೆಯುವ ಹೊತ್ತಿಗೆ ಮನೆಗೆ ಬಂದರು. ಆರು ತಿಂಗಳ ಮೇಲೆ ಒಂದು ಕಪ್ಪು ತಟ್ಟೆ ಅಂಚೆಯಲ್ಲಿ ಬಂತು. ನಡುವಿನ ಚೀಟಿಯ ಮೇಲೆ ಅಚ್ಚಾಗಿದ್ದುದು: ಐಸಮ್ ಟಾಲಿವರ್ ಮತ್ತು ಮಕ್ಕಳು.

"ಅಜ್ಜಿ ಅದನ್ನ ಬೆಳಕಿಗೆ ಹಿಡಿದು ನೋಡಿ, 'ನಾನೂ ಇವರ ಮಗ ಅಂದ್ಕೊಂಡ್ರೇನೋ' ಅಂದಳಂತೆ. ಅಷ್ಟೇ. ಆಮೇಲೆ ಬೀನ್ಸ್ ಬೇಯಿಸೋಕೆ ಎದ್ದು ಹೋದಳಂತೆ," ಎಂದು ರೀವಾ ಹೇಳುತ್ತಾರೆ. ಆ ತಟ್ಟೆ ಈಗಲೂ ಅವರ ಬಳಿ ಇದೆ. ಅಂಚಿನಿಂದ ನಡುವಿನವರೆಗೆ ಸೀಳಿದೆ, ಕೌದಿಯಲ್ಲಿ ಸುತ್ತಿಟ್ಟಿದ್ದಾರೆ. ಮರುವರ್ಷವೇ ದೇಶದ ವ್ಯಾಪಾರವೆಲ್ಲ ನೆಲಕಚ್ಚಿತು. ಹಾಡು ಅಚ್ಚು ಹಾಕುವವರು ಮತ್ತೆ ಈ ಕಡೆ ಮುಖ ಹಾಕಲಿಲ್ಲ.

ಐಸಮ್ ನಂತರ ಪಿಟೀಲು ಕಿರಿಯ ಮಗ ಎವರೆಟ್ ಕೈಗೆ ಬಂತು. ಅವರೇ ರೀವಾ ಅಪ್ಪ. ರೇಡಿಯೊ ಕಾರ್ಯಕ್ರಮ ಶುರು ಮಾಡಿದ್ದು ಅವರು. ಪಿಟೀಲಿನ ಹೊಟ್ಟೆಯೊಳಗೆ ಗಿಲಕಿ ಹಾವಿನ ಬಾಲದ, ಅಲುಗಿದರೆ ಗಿಲಗಿಲ ಎನ್ನುವ ಒಣ ತುದಿ ಹಾಕಿಟ್ಟಿದ್ದರು. ಒಳಗೆ ತೇವ ಸೇರುವುದಿಲ್ಲ, ಇಲಿ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಒಂಬತ್ತು ವರ್ಷದ ರೀವಾ ಒಂದು ದಿನ ಅದರ ಸದ್ದು ಕೇಳಬೇಕೆಂದು ಪೆಟ್ಟಿಗೆ ತೆರೆದು ಪಿಟೀಲು ಅಲುಗಾಡಿಸಿದಳು. ಹಾಗೇ ಕಮಾನೂ ಎಳೆದು ನೋಡಿದಳು. ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಹೊಡೀಲಿಲ್ಲ, ಬೈಲಿಲ್ಲ. ಮೆಲ್ಲಗೆ ಕೈಯಿಂದ ತಗೊಂಡ್ರು. 'ಕಮಾನು ಎಳೆಯೋಕೆ ನಿನ್ನ ಅಣ್ಣ ಇದ್ದಾನೆ ಮಗಳೇ. ಮನೆಗೆ ಕಂಬ ಬೇಕಲ್ಲ, ನೀನು ತಾಳ ಹಿಡಿ' ಅಂದು ಗಿಟಾರ್ ಕೊಟ್ರು. ಹೊಡೆದಿದ್ರೆ ಹಠಕ್ಕಾದ್ರೂ ಕಲೀತಿದ್ದೆನೋ ಏನೋ. ಪ್ರೀತಿಯಿಂದ ಹೇಳಿದ್ರಲ್ಲ, ಅದನ್ನ ಮೀರೋಕಾಗ್ಲಿಲ್ಲ."

ಹಾಗೆ ಹಿಡಿದ ಗಿಟಾರನ್ನು ರೀವಾ ಅರವತ್ತೆರಡು ವರ್ಷ ಬಿಡಲಿಲ್ಲ. ಹಗಲು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿದರು. ಇಪ್ಪತ್ತಾರು ವರ್ಷದ ಮೇಲೆ ಅದಕ್ಕೂ ಬೀಗ ಬಿತ್ತು. ಮದುವೆಯ ಮಾತು ಬಂದಾಗಲೆಲ್ಲ ಶನಿವಾರ ಅಡ್ಡ ಬಂತು. "ವಾರದಲ್ಲಿ ಕೆಲಸಾನೂ ಇಲ್ದೆ, ಇಗರ್ಜಿನೂ ಇಲ್ದೆ ಗಂಡ ಮನೇಲಿರೋ ದಿನ ಒಂದೇ. ಅವತ್ತೇ ಕತ್ತಲಲ್ಲಿ ಎದ್ದು ಹೋಗೋ ಹೆಂಡ್ತಿ ಯಾರಿಗೆ ಬೇಕು?" ಎನ್ನುತ್ತಾರೆ. ಅಪ್ಪನ ನಂತರ ಕಾನ್ಲಿ ಪಿಟೀಲು ಹಿಡಿದರು. ರಾಯ್ಸ್ ಅಜ್ಜಿಯ ಬ್ಯಾಂಜೊ ಹಿಡಿದ. ಮೂವರ ಮೇಳ ಇಪ್ಪತ್ತೈದು ವರ್ಷ ನಡೆಯಿತು.

ರಾಯ್ಸ್ ಕತೆಯನ್ನು ರೀವಾ ನಿಂತು ನಿಂತು ಹೇಳುತ್ತಾರೆ. ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಮರದ ದಿಮ್ಮಿ ಜಾರಿ ಅವನ ಬೆನ್ನಿಗೆ ಬಿತ್ತು. ನೋವಿಗೆಂದು ಮಾತ್ರೆ ಕೊಟ್ಟರು. ನೋವು ಹೋದರೂ ಮಾತ್ರೆ ಹೋಗಲಿಲ್ಲ. ಈ ಕೊಳ್ಳದಲ್ಲಿ ಆ ಮಾತ್ರೆ ಹೊಗದ ಮನೆ ಹುಡುಕಬೇಕು. ಒಂದು ಶನಿವಾರ ರಾಯ್ಸ್ ಬರಿಗೈಯಲ್ಲಿ ಬಂದ. ಬ್ಯಾಂಜೊ ಎಲ್ಲಿ ಎಂದರೆ ರಿಪೇರಿಗೆ ಕೊಟ್ಟಿದ್ದೇನೆ ಎಂದ. ಅದು ಗಿರವಿ ಅಂಗಡಿಗೆ ಹೋಗಿ, ಅಲ್ಲಿಂದಲೂ ಯಾರದೋ ಕೈಗೆ ಮಾರಿಹೋಗಿತ್ತು. ಕಾನ್ಲಿ ಆಮೇಲೆ ತಮ್ಮನ ಜೊತೆ ಮಾತಾಡಲಿಲ್ಲ. ಏಳು ತಿಂಗಳು ಆ ಮೌನ ನಡೆಯಿತು. ಎಂಟನೆಯ ತಿಂಗಳು ರಾಯ್ಸ್ ಹೋಗಿಬಿಟ್ಟ. ಮಣ್ಣು ಮಾಡುವಾಗ ಪಿಟೀಲು ಬಾರಿಸು ಎಂದು ಊರವರು ಕೇಳಿದರೆ, ಕಾನ್ಲಿ ಪೆಟ್ಟಿಗೆಯನ್ನೇ ತೆರೆಯಲಿಲ್ಲ.

"ಈಗ ಆ ಜಗಳ ಅವನಿಗೆ ನೆನಪಿಲ್ಲ. ತಮ್ಮ ಮಾತ್ರ ನೆನಪಿದ್ದಾನೆ. ಮರೆವು ಅಷ್ಟಾದ್ರೂ ಒಳ್ಳೇದು ಮಾಡಿದೆ," ಎನ್ನುತ್ತಾರೆ ರೀವಾ.

ಮರೆವು ಮೊದಲು ಊರಿಗೆ ಕಾಣಿಸಿದ್ದು ರೇಡಿಯೊದಲ್ಲೇ. ಹೋದ ವರ್ಷ ಫೆಬ್ರವರಿಯ ಒಂದು ಶನಿವಾರ. 'ಒದ್ದೆ ಸೌದೆ' ಎಂಬ ಮಟ್ಟು. ಈ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಯಾರೂ ನುಡಿಸದ್ದು. ಎರಡು ಸುತ್ತು ಮುಗಿದಿತ್ತು. ಮೂರನೆಯದರ ನಡುವೆ ಕಮಾನು ನಿಂತಿತು. ಕಾನ್ಲಿ ಅದನ್ನು ಮುಖದ ಹತ್ತಿರ ತಂದು, ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ತಿರುಗಿಸಿ ನೋಡಿದರು.

ರೀವಾ ಗಿಟಾರ್ ನಿಲ್ಲಿಸಲಿಲ್ಲ. ಪಿಟೀಲು ಇಲ್ಲದ ಬರಿ ತಾಳವನ್ನು ಎರಡೂವರೆ ನಿಮಿಷ ಬಾರಿಸಿದರು. ಎಲ್ಲಿ ಮೊದಲ ಭಾಗ ಮುಗಿಯಬೇಕು, ಎಲ್ಲಿ ಎರಡನೆಯದು ತಿರುಗಬೇಕು ಎಲ್ಲ ಲೆಕ್ಕದಂತೆ ನಡೆಸಿ, ಮುಗಿಯಬೇಕಾದ ಜಾಗದಲ್ಲಿ ಮುಗಿಸಿದರು. ಕಾನ್ಲಿ ಕಮಾನು ಹಿಡಿದು ಹಾಗೇ ಕೂತಿದ್ದರು. ಡೆಲ್ಬರ್ಟ್ ಗಾಜಿನಾಚೆ ಎದ್ದು ನಿಂತಿದ್ದ. ಕಾರ್ಯಕ್ರಮ ಮುಗಿದ ಕೂಡಲೇ ಫೋನ್ ಬಂತು. ತನ್ನ ರೇಡಿಯೊ ಕೆಟ್ಟಿದೆಯೇ, ಗಿಟಾರ್ ಒಂದೇ ಕೇಳುತ್ತಿತ್ತಲ್ಲ ಎಂದು ಒಬ್ಬಾಕೆ ವಿಚಾರಿಸಿದಳು. "ಕೆಟ್ಟಿಲ್ಲ ತಾಯಿ. ಪಿಟೀಲು ಸ್ವಲ್ಪ ಸುಧಾರಿಸ್ಕೊಳ್ತಿತ್ತು," ಎಂದ ಡೆಲ್ಬರ್ಟ್.

ಮನೆಗೆ ಬಂದು ರೀವಾ ಅಪ್ಪನ ಪಟ್ಟಿ ಹುಡುಕಿ ತೆಗೆದರು. ಗೋಡೆಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎವರೆಟ್ ಪೆನ್ಸಿಲಿನಲ್ಲಿ ಬರೆದಿಟ್ಟ ನೂರ ಹನ್ನೆರಡು ಮಟ್ಟುಗಳ ಹೆಸರು. ಒಂದೊಂದೇ ಹೆಸರು ಹೇಳಿ ಕಾನ್ಲಿ ಕೈಗೆ ಪಿಟೀಲು ಕೊಟ್ಟು ನೋಡಿದರು. ವಾರ ಹಿಡಿಯಿತು. ಅರವತ್ತೊಂದು ಬಂದವು. ಉಳಿದವು ಅವರ ತಲೆಯಲ್ಲೂ ಇಲ್ಲ, ಬೆರಳಲ್ಲೂ ಇಲ್ಲ. ಯಾರೂ ಅಚ್ಚು ಹಾಕಿರಲಿಲ್ಲ, ಬರೆದಿರಲಿಲ್ಲ. ರೇಡಿಯೊ ಕೇಂದ್ರದ ಹಳೆಯ ಟೇಪುಗಳು ಯಾವಾಗಲೋ ನೆರೆಯಲ್ಲಿ ಕೊಳೆತಿದ್ದವು.

"ನಂಗೆ ಎಲ್ಲಾ ಗೊತ್ತಿತ್ತು, ಏನೂ ಗೊತ್ತಿರ್ಲಿಲ್ಲ. ಅರವತ್ತು ವರ್ಷ ಆ ಮಟ್ಟುಗಳ ಕೆಳಗೇ ಇದ್ದೆ. ಮೇಲೆ ಏನು ನಡೀತಿತ್ತು ಅನ್ನೋದನ್ನ ಮಾತ್ರ ಬೆರಳಿಗೆ ಹೇಳ್ಕೊಟ್ಟಿರ್ಲಿಲ್ಲ," ಎನ್ನುತ್ತಾರೆ.

ಅಂದಿನಿಂದ ರೀವಾ ದಿನಚರಿ ಹೀಗಿದೆ. ಮೂರೂಕಾಲಿಗೆ ಏಳುವುದು. ನಾಲ್ಕಕ್ಕೆ ಪಕ್ಕದಲ್ಲೇ ಇರುವ ಕಾನ್ಲಿ ಮನೆ. ಅವರ ತಲೆ ತಿಳಿಯಾಗಿರುವುದು ಆ ಹೊತ್ತಿನಲ್ಲಿ ಮಾತ್ರ. ಹೊತ್ತು ಏರಿದಂತೆ ಮರೆವೂ ಏರುತ್ತದೆ. ಅಣ್ಣನ ಮುಖ ತೊಳೆಸಿ, ಕಾಫಿ ಕುಡಿಸಿ, ಐದರವರೆಗೆ ಪಾಠ. ಕಾನ್ಲಿಯ ಮಗಳು ಡಾರ್ಲಾ ಎದ್ದ ಮೇಲೆ ಅಪ್ಪನನ್ನು ಅವಳಿಗೆ ಒಪ್ಪಿಸಿ, ಐದೂವರೆಗೆ ಶಾಲೆಯ ಅಡುಗೆಮನೆ. ಇನ್ನೂರ ಹತ್ತು ಮಕ್ಕಳ ಬೆಳಗಿನ ತಿಂಡಿ, ಆಮೇಲೆ ಊಟ. ಮಜ್ಜಿಗೆ ಹಾಕಿ ಕಲಸಿದ ಹಿಟ್ಟಿನ ಮೆತ್ತನೆಯ ಬಿಸ್ಕತ್ತು ದಿನಕ್ಕೆ ಹದಿನೆಂಟು ತಟ್ಟೆ. ಒಲೆಯ ತಟ್ಟೆ ಹಿಡಿದು ಜಡ್ಡುಗಟ್ಟಿದ ಬೆರಳುಗಳಿಗೆ, ಗಿಟಾರಿಗಿರುವಂತೆ ಮೆಟ್ಟುಗಳಿಲ್ಲದ ಈ ತಂತಿಯ ಮೇಲೆ ಇಟ್ಟಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಗಂಟುಗಳು ಊದಿಕೊಂಡಾಗ ಬಿಸಿನೀರಿಗೆ ಕೈ ಅದ್ದಿ ಮತ್ತೆ ಕೂತರು.

ಅದಕ್ಕಿಂತ ಕಷ್ಟವಾದದ್ದು ಕಾನ್ಲಿಯನ್ನು ಒಪ್ಪಿಸುವುದು. ತಂಗಿ ಪಿಟೀಲಿಗೆ ಕೈ ಹಾಕಿದ ಮೊದಲ ದಿನ ಅವರು ಎದ್ದು ನಿಂತು ಕೂಗಾಡಿದರು.

"ಇಡು ಅದನ್ನ. ಅಪ್ಪ ನೋಡಿದ್ರೆ ಏನಂತಾರೆ?"

"ಅಪ್ಪನೇ ಹೇಳಿದ್ದು ಕಣೋ, ಕಲ್ತ್ಕೋ ಅಂತ."

"ಸುಳ್ಳಿ."

"ಬೇಕಾದ್ರೆ ಕೇಳು. ಹುಲ್ಲಿನ ಹೊಲದಲ್ಲಿದ್ದಾರೆ. ಸಂಜೆ ಬರ್ತಾರೆ."

ಕಾನ್ಲಿ ಕಿಟಕಿಯತ್ತ ನೋಡಿ ಕೂತರು. ಅಪ್ಪ ತೀರಿಕೊಂಡು ನಲವತ್ತೆರಡು ವರ್ಷ. ಆ ಸುಳ್ಳನ್ನು ರೀವಾ ವಾರಗಟ್ಟಲೆ ದಿನವೂ ಹೇಳಿದರು. ಭಾನುವಾರ ಇಗರ್ಜಿಯಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂರತೊಡಗಿದ್ದರಂತೆ. "ಸತ್ತೋರ ಬಾಯಲ್ಲಿ ಸುಳ್ಳು ಆಡಿಸಿದ್ದೀನಿ. ದೇವರು ಕೇಳಿದ್ರೆ ಹೇಳೋಕೆ ನಂಗೇನೂ ಇಲ್ಲ."

ಮೇ ತಿಂಗಳ ಹೊತ್ತಿಗೆ ಸುಳ್ಳಿನ ಅಗತ್ಯವೂ ಮುಗಿಯಿತು. ತಂಗಿ ಪಿಟೀಲು ಹಿಡಿದ ಹೊತ್ತಿನಲ್ಲಿ ಈ ಹೆಂಗಸು ಯಾರೆಂದು ಕಾನ್ಲಿಗೆ ಗುರುತು ಹತ್ತದಾಯಿತು. ಎಲ್ಲಿಂದಲೋ ಕಲಿಯಲು ಬಂದವಳು ಎಂದುಕೊಂಡು ಮರ್ಯಾದೆಯಿಂದ ಮಾತಾಡತೊಡಗಿದರು. "ಕಮಾನನ್ನ ಒತ್ತಬೇಡಿ ತಾಯಿ. ಅದರ ಭಾರಕ್ಕೆ ಅದೇ ಹೋಗ್ಲಿ," ಎಂದು ತಿದ್ದಿದರು. ಬಿರಡೆ ತಿರುಗಿಸಿ ಶ್ರುತಿ ಮಾಡುವುದನ್ನು ಮೂರು ಸಲ ತೋರಿಸಿಕೊಟ್ಟರು. ಒಂದು ಬೆಳಿಗ್ಗೆ, ಮಟ್ಟು ಮುಗಿದ ಮೇಲೆ, ಕೇಳಿದರು.

"ಕೈ ಪರವಾಗಿಲ್ಲ ನಿಮ್ದು. ಯಾರ ಮನೆಯವರು?"

"ಟಾಲಿವರ್ ಮನೆಯವಳು."

"ಇರಲಾರದು. ಟಾಲಿವರ್ ಮನೆ ಹೆಂಗಸರು ಪಿಟೀಲು ಬಾರಿಸಲ್ಲ." ಕಮಾನನ್ನು ಪೆಟ್ಟಿಗೆಯಲ್ಲಿಡುತ್ತ ಮತ್ತೆ ಹೇಳಿದರು. "ನನ್ನ ತಂಗಿ ಒಬ್ಬಳಿದ್ದಾಳೆ. ಗಿಟಾರ್ ಹಿಡೀತಾಳೆ. ಅವಳಿಲ್ದಿದ್ರೆ ನಾನು ಎಲ್ಲೆಲ್ಲಿ ಬಿದ್ದಿರ್ತಿದ್ನೋ. ನೀವು ಅವಳಿಗೆ ಹೇಳೋಕೆ ಹೋಗ್ಬೇಡಿ. ತಲೆಗೇರುತ್ತೆ."

"ಹೇಳಲ್ಲ ಬಿಡಿ," ಎಂದರು ರೀವಾ. ಅಂದು ಶಾಲೆಯ ಅಡುಗೆಮನೆಯಲ್ಲಿ ಎರಡು ತಟ್ಟೆ ಬಿಸ್ಕತ್ತು ಸೀದುಹೋದವು. ಜೊತೆಯ ಅಡುಗೆಯವರಿಗೆ ಅದು ಸುದ್ದಿ. ಇಪ್ಪತ್ತು ವರ್ಷದಲ್ಲಿ ಮಿಸ್ ರೀವಾ ಕೈಯಲ್ಲಿ ಏನೂ ಸೀದದ್ದಿಲ್ಲ.

ಅಲ್ಲಿಯವರೆಗೂ ಶನಿವಾರ ಹೇಗೋ ಪಿಟೀಲು ನಡೆಸುತ್ತಿದ್ದ ಕಾನ್ಲಿಯ ಬೆರಳುಗಳೂ ಆಗಸ್ಟಿನಲ್ಲಿ ಮರೆತವು. ಅಷ್ಟರಲ್ಲಿ ನಲವತ್ತನಾಲ್ಕು ಮಟ್ಟುಗಳು ರೀವಾ ಕೈಗೆ ಬಂದಿದ್ದವು. ಹದಿನೇಳು ಬರುವ ಮೊದಲೇ ಹೋದವು. 'ಕುಂಟ ಕುದುರೆಯ ದಾರಿ' ಎಂಬುದರ ಮೊದಲ ಭಾಗ ಮಾತ್ರ ಸಿಕ್ಕಿದೆ. ಎರಡನೆಯ ಭಾಗಕ್ಕೆ ಹತ್ತು ದಿನ ಕಾದರು. ಅಣ್ಣ ದಿನವೂ ಕಮಾನು ಎತ್ತಿ, ಅದೇ ತಿರುವಿನಲ್ಲಿ ನಿಂತು, ಇಳಿಸಿಬಿಡುತ್ತಿದ್ದರು. ಹನ್ನೊಂದನೆಯ ದಿನ ಎತ್ತಲೇ ಇಲ್ಲ.

ಆ ಶನಿವಾರ ರೀವಾ ಪಿಟೀಲು ಹಿಡಿದೇ ರೇಡಿಯೊ ಕೇಂದ್ರಕ್ಕೆ ಹೋದರು. ಡೆಲ್ಬರ್ಟ್ ಅಭ್ಯಾಸಬಲದಿಂದ ಕಾನ್ಲಿಯ ಹೆಸರನ್ನೇ ಹೇಳಿದ. ನಾಲಿಗೆ ಕಚ್ಚಿಕೊಂಡು ತಿದ್ದಲು ಹೊರಟವನನ್ನು ರೀವಾ ಕೈ ಎತ್ತಿ ತಡೆದರು. ಹೆಸರು ಕೇಳಿ ಅಣ್ಣ ತಲೆ ಎತ್ತಿದ್ದನ್ನು ಅವರು ನೋಡಿದ್ದರು. "ವಾರಕ್ಕೆ ಅದೊಂದು ಗಳಿಗೆ ಅವನಿಗೆ ತಾನು ಯಾರು ಅಂತ ಗೊತ್ತಾಗುತ್ತೆ. ನನ್ನ ಹೆಸರಿಗೋಸ್ಕರ ಅದನ್ನ ಕಿತ್ಕೊಳ್ಳೋದಾ?"

ಮೂರು ತಿಂಗಳು ಊರಿಗೆ ಸಂಶಯ ಬರಲಿಲ್ಲ. ಗಿಟಾರ್ ಏಕಿಲ್ಲ ಎಂದವರಿಗೆ ತಂಗಿಗೆ ಬೆರಳು ನೋವು ಎಂದಿದ್ದ ಡೆಲ್ಬರ್ಟ್. ನವೆಂಬರಿನಲ್ಲಿ ವೃದ್ಧಾಶ್ರಮದಿಂದ ರೇಡಿಯೊ ಕೇಂದ್ರಕ್ಕೆ ಓಸಿ ವ್ಯಾನ್‌ಹಾಯ್ ಫೋನ್ ಮಾಡಿದರು. ಎಂಬತ್ತೆಂಟು ವರ್ಷ, ಎರಡೂ ಕಣ್ಣು ಹೋಗಿವೆ, ಹುಟ್ಟಿದ್ದು ಬೆಳೆದದ್ದು ಟಾಲಿವರ್ ಮನೆಯ ಬೇಲಿಯಾಚೆ. "ಅದು ಕಾನ್ಲಿ ಅಲ್ಲ," ಎಂದರು. "ಯಾರು ಅಂತ ಹೇಳು, ಇಲ್ದಿದ್ರೆ ರಾತ್ರಿ ನಿದ್ದೆ ಬರಲ್ಲ."

ರೀವಾ ಮರುದಿನ ಅವರನ್ನು ನೋಡಲು ಹೋದರು. ಜೊತೆಗೆ ಸೇಬಿನ ಮುರಬ್ಬದ ಸೀಸೆ, ಪಿಟೀಲು. ಬಾಗಿಲು ಹಾಕಿಕೊಂಡು 'ಒದ್ದೆ ಸೌದೆ' ನುಡಿಸಿದರು. ಓಸಿ ಹೊದಿಕೆಯ ಅಂಚು ನೇವರಿಸುತ್ತ ಕೊನೆಯವರೆಗೂ ಕೇಳಿದರು.

"ಅದು ನಿನ್ನಜ್ಜಿದು ಕಣೇ," ಎಂದರು ಆಮೇಲೆ.

"ಅಜ್ಜಿ ಬ್ಯಾಂಜೊ ಬಾರಿಸ್ತಿದ್ದಳು ಓಸಿ ಅತ್ತೆ."

"ಜನರೆದುರು ಬ್ಯಾಂಜೊ. ಐಸಮ್ ಜೋಳ ಬೀಸೋಕೆ ಗಿರಣಿಗೆ ಹೋದ ದಿನ ಅಡುಗೆಮನೇಲಿ ಪಿಟೀಲು. ನಾನು ಚಿಕ್ಕೋಳು, ಬಾಗಿಲ ಹತ್ರ ಕೂರಿಸಿ 'ಗಾಡಿ ಸದ್ದು ಬಂದ್ರೆ ಹೇಳು' ಅನ್ನೋಳು. ಒಲೇಲಿ ಹಸಿ ಸೌದೆ ಹೊಗೆ ಕಾರ್ತಿತ್ತು. ಅಲ್ಲೇ ಕೂತು ಕಟ್ಟಿದ್ದು ಅದನ್ನ. ಐಸಮ್‌ಗೆ ಕಲಿಸಿದ್ದೂ ಅವಳೇ. ನೀನು ಎರಡನೇ ಭಾಗದಲ್ಲಿ ಕಮಾನು ಎಳೆದು ತಡೀತೀಯಲ್ಲ, ಅದು ಗಂಡಸರಿಗೆ ಯಾವತ್ತೂ ಬರಲಿಲ್ಲ."

ಆ ತಡೆಯನ್ನು ರೀವಾಗೆ ಯಾರೂ ಕಲಿಸಿರಲಿಲ್ಲ. ಗಂಟು ನೋವಿಗೆ ಬೆರಳು ತಿರುಗದೆ, ಅರೆಗಳಿಗೆ ಕಾಯಬೇಕಾಗಿ ಬಂದದ್ದು ಅದು. ಅದನ್ನು ಓಸಿಗೆ ಹೇಳಲಿಲ್ಲ. "ಅಜ್ಜಿಗೂ ಕೊನೆಗಾಲಕ್ಕೆ ಬೆರಳೆಲ್ಲ ಸೊಟ್ಟಗಾಗಿದ್ವು. ಅದೂ ಹಂಗೇ ಬಂದಿರ್ಬಹುದು. ಯಾರಿಗೆ ಗೊತ್ತು?" ಎನ್ನುತ್ತಾರೆ. ಓಸಿ ಫೆಬ್ರವರಿಯಲ್ಲಿ ತೀರಿಕೊಂಡರು. ಲುವೀನಾ ಪಿಟೀಲು ಬಾರಿಸಿದ್ದನ್ನು ಕೇಳಿದವರು ಈ ಭೂಮಿಯ ಮೇಲೆ ಈಗ ಯಾರೂ ಇಲ್ಲ.

ಸುದ್ದಿ ನಿಧಾನಕ್ಕೆ ಕೊಳ್ಳದ ತುಂಬ ಹಬ್ಬಿದೆ. ಕೆಲವರು ದಾರಿಯಲ್ಲಿ ಗಾಡಿ ನಿಲ್ಲಿಸಿ ಟೋಪಿ ತೆಗೆಯುತ್ತಾರೆ. ಕೆಲವರು, "ಕಾನ್ಲಿ ಕೈಯೇ ಬೇರೆ ಬಿಡಿ," ಎಂದು ಅವರೆದುರೇ ಹೇಳುತ್ತಾರೆ. "ನಾನೂ ಅದನ್ನೇ ಹೇಳೋದು," ಎಂದು ರೀವಾ ಉತ್ತರಿಸುತ್ತಾರೆ.

ಆರೂವರೆಗೆ ಕೆಂಪು ದೀಪ ಆರುತ್ತದೆ. ಇಂದು ಏಳು ಮಟ್ಟು ಆದವು. ಐದನೆಯದರಲ್ಲಿ ರೀವಾ ಒಂದು ಕಡೆ ಜಾರಿದರು. ಹಿಡಿದುಕೊಳ್ಳಲು ಕೆಳಗೆ ಗಿಟಾರಿನ ತಾಳವಿಲ್ಲದೆ, ಮಟ್ಟು ಮೂರು ಏಟಿನಷ್ಟು ಹೊತ್ತು ಬರಿದಾಗಿ ನಿಂತು, ಮತ್ತೆ ಹೊರಟಿತು. ಕಾನ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ. ಅವರ ಅಂಗಿಯ ಕತ್ತಿನ ಗುಂಡಿ ಸಡಿಲಿಸುತ್ತ, ಇನ್ನೇನಾದರೂ ಆಸೆ ಉಳಿದಿದೆಯೇ ಎಂಬ ಪ್ರಶ್ನೆಗೆ ರೀವಾ ಕೆಲಸ ನಿಲ್ಲಿಸದೆ ಉತ್ತರಿಸುತ್ತಾರೆ.

"ಹೆಸರು ಗಿಸರು ಏನೂ ಬೇಡ. ಗಿಟಾರ್ ಹಿಡ್ಕೊಂಡು ಪಕ್ಕದಲ್ಲಿ ಕೂರೋರು ಒಬ್ರು ಬೇಕಿತ್ತು. ದೊಡ್ಡ ಕೈ ಬೇಡ, ತಂತಿ ಮೇಲೆ ಎರಡು ಹಿಡಿತ ಗೊತ್ತಿದ್ರೆ ಸಾಕು. ನಾನು ಎಡವಿದಾಗ ಅವರು ನಿಲ್ಲಿಸಬಾರದು, ಅಷ್ಟೇ."